ಕೇಳಬೇಕಾದ ಕಡೆ ಊಹಿಸುವ ಕೋಡ್

ಬೆಂಗಳೂರಿನ ಸಾಫ್ಟ್‌ವೇರ್ ತಂಡಗಳಲ್ಲಿ ಇವತ್ತು ಹೊಸದಾಗಿ ಕೋಡ್ ಬರೆಯುವುದಕ್ಕಿಂತ ಯಾರೋ ಬರೆದಿಟ್ಟದ್ದನ್ನು ಎತ್ತಿಕೊಂಡು ಬಳಸುವುದೇ ಜಾಸ್ತಿ. ಸರ್ವರ್ ಎಬ್ಬಿಸಲು ಟೆರಾಫಾರ್ಮ್ ಮಾಡ್ಯೂಲ್ ಇರುತ್ತದೆ. ಅದರ ಮೇಲೆ ಸಾಫ್ಟ್‌ವೇರ್ ಹಾಕಲು ಆನ್ಸಿಬಲ್ ರೋಲ್, ಹಲವು ಸರ್ವರ್‌ಗಳ ಮೇಲೆ ಆ್ಯಪ್‌ಗಳನ್ನು ನಡೆಸುವ ಕುಬರ್ನೆಟೀಸ್‌ಗೆ ಹೆಲ್ಮ್ ಚಾರ್ಟ್, ವೆಬ್ ಪುಟಕ್ಕೆ ರಿಯಾಕ್ಟ್ ಕಾಂಪೊನೆಂಟ್. ಹೆಸರು ಬೇರೆ ಬೇರೆ, ವಿಚಾರ ಒಂದೇ. ಒಬ್ಬರು ಒಮ್ಮೆ ಬರೆಯುತ್ತಾರೆ. ಊರು, ಪೋರ್ಟ್, ಪಾಸ್‌ವರ್ಡ್, ಭಾಷೆ ಹೀಗೆ ಜಾಗದಿಂದ ಜಾಗಕ್ಕೆ ಬದಲಾಗುವ ಸಂಗತಿಗಳನ್ನು ವೇರಿಯೇಬಲ್ ಮಾಡಿ ಖಾಲಿ ಬಿಡುತ್ತಾರೆ. ಬಳಸುವವರು ತಮ್ಮ ವ್ಯಾಲ್ಯೂ ತುಂಬಿ ಓಡಿಸುತ್ತಾರೆ.

ತುಂಬಲು ಮರೆತರೆ ಏನಾಗಬೇಕು? ನೋಡಲು ಚಿಕ್ಕ ಪ್ರಶ್ನೆ. ಆದರೆ ವೈಟ್‌ಫೀಲ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿವರೆಗೆ ರಾತ್ರಿ ಆನ್‌ಕಾಲ್ ಕೂತವರನ್ನು ಎಬ್ಬಿಸುವ ತೊಂದರೆಗಳಲ್ಲಿ ಎಷ್ಟೋ ಈ ಪ್ರಶ್ನೆಗೆ ಯಾರೂ ಯೋಚಿಸಿ ಉತ್ತರ ಕೊಡದೇ ಹೋದದ್ದರಿಂದ ಹುಟ್ಟಿದವು. ಬಳಸುವವರು ಏನೂ ಕೊಡದಿದ್ದಾಗ ಕೋಡ್ ತಾನಾಗಿ ಹಾಕಿಕೊಳ್ಳುವ ವ್ಯಾಲ್ಯೂಗೆ ಡಿಫಾಲ್ಟ್ ಎನ್ನುತ್ತಾರೆ. ಡಿಫಾಲ್ಟ್ ಬರೆಯುವವರಿಗೆ ತಮ್ಮ ಕೋಡ್ ಎಲ್ಲಿ, ಯಾರ ಮುಂದೆ ಓಡುತ್ತದೆ ಎಂದು ಗೊತ್ತಿರುವುದಿಲ್ಲ. ಹಾಗಾಗಿ ತಮ್ಮ ಊರಿಗೆ, ತಮ್ಮ ಭಾಷೆಗೆ, ತಮ್ಮ ಗಡಿಯಾರಕ್ಕೆ ಹೊಂದುವುದನ್ನೇ ತುಂಬುತ್ತಾರೆ. ಅದರ ಪೆಟ್ಟು ದೂರದಲ್ಲಿರುವವರಿಗೆ ಬೀಳುತ್ತದೆ. ಕನ್ನಡದಲ್ಲಿ ಹೆಸರು ಬರೆಯುವವರು ಆ ದೂರದವರಲ್ಲಿ ಸೇರುತ್ತಾರೆ. ಆದ್ದರಿಂದ ನನ್ನ ವಾದ ಸರಳವಾಗಿದೆ: ಗೊತ್ತಿಲ್ಲದಿದ್ದರೆ ಕೋಡ್ ಕೇಳಬೇಕು, ಊಹಿಸಬಾರದು. ಎಲ್ಲಿ ಊಹಿಸಬಹುದು ಎಂಬುದನ್ನು ಒಂದೊಂದಾಗಿ ನೋಡಿಯೇ ತೀರ್ಮಾನಿಸಬೇಕು.

ಖಾಲಿ ವ್ಯಾಲ್ಯೂ ಮಾಡುವ ಅನಾಹುತ

ವ್ಯಾಲ್ಯೂ ಸಿಗದಿದ್ದಾಗ ಕೋಡ್ ಮುಂದೆ ಮೂರು ದಾರಿ ಇರುತ್ತವೆ. ನಿಂತುಬಿಡಬಹುದು. ತನ್ನದೇ ಒಂದು ವ್ಯಾಲ್ಯೂ ಹಾಕಿಕೊಳ್ಳಬಹುದು. ಇಲ್ಲವೇ ಏನೂ ಆಗಿಲ್ಲವೇನೋ ಅನ್ನುವಂತೆ ಖಾಲಿ ಇಟ್ಟುಕೊಂಡೇ ಮುಂದೆ ಹೋಗಬಹುದು. ಮೂರರಲ್ಲಿ ಅತಿ ಕೆಟ್ಟದ್ದು ಕೊನೆಯದು. ಎಷ್ಟೋ ಉಪಕರಣಗಳು ತಾವಾಗಿ ಆರಿಸಿಕೊಳ್ಳುವುದೂ ಅದನ್ನೇ.

ಲಿನಕ್ಸ್‌ನಲ್ಲಿ ಆಜ್ಞೆಗಳನ್ನು ಓಡಿಸುವ ಬ್ಯಾಷ್ ಶೆಲ್ ನೋಡಿ. ಇಲ್ಲದ ವೇರಿಯೇಬಲನ್ನು ಬಳಸಿದರೆ ಅದು ಗೊಣಗುವುದೂ ಇಲ್ಲ, ಖಾಲಿ ಅಕ್ಷರಮಾಲೆ ಹಾಕಿ ಸುಮ್ನೆ ಮುಂದುವರಿಯುತ್ತದೆ. ಆ್ಯಪ್‌ಗಳನ್ನು ಕಂಟೇನರ್ ಎಂಬ ಡಬ್ಬಿಗಳಲ್ಲಿಟ್ಟು ಓಡಿಸುವ ಡಾಕರ್ ಕಂಪೋಸ್ ಒಂದು ಎಚ್ಚರಿಕೆ ಸಾಲು ಮುದ್ರಿಸುತ್ತದೆ, ಆಮೇಲೆ ಅದೂ ಖಾಲಿಯನ್ನೇ ಹಾಕುತ್ತದೆ. ನೂರಾರು ಸಾಲಿನ ಲಾಗ್‌ನಲ್ಲಿ ಆ ಒಂದು ಸಾಲನ್ನು ಯಾರು ಓದುತ್ತಾರೆ? ಕೋಡನ್ನು ತಾನಾಗಿ ಪರೀಕ್ಷಿಸಿ ಸರ್ವರ್‌ಗೆ ಏರಿಸುವ ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ಇಲ್ಲದ ಸೀಕ್ರೆಟ್ (ಗುಟ್ಟಾಗಿ ಇಟ್ಟ ಪಾಸ್‌ವರ್ಡ್, ಕೀಲಿ) ಕೇಳಿದರೂ ಖಾಲಿಯೇ ಸಿಗುತ್ತದೆ. ಪೈಥಾನ್ ಲೋಕದ ಜಿಂಜಾ ಟೆಂಪ್ಲೇಟ್ ಕೂಡ ತನ್ನ ಪಾಡಿಗೆ ಬಿಟ್ಟರೆ ಗೊತ್ತಿಲ್ಲದ ಹೆಸರಿನ ಜಾಗದಲ್ಲಿ ಏನನ್ನೂ ಬರೆಯದೆ ಬಿಡುತ್ತದೆ. ಆನ್ಸಿಬಲ್ ಅದೇ ಜಿಂಜಾವನ್ನು ಬಳಸಿದರೂ ಕಟ್ಟುನಿಟ್ಟಿನ ವಿಧಾನವನ್ನು ಆರಿಸಿಕೊಂಡಿದೆ. ಹೆಸರು ಗೊತ್ತಿಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ. ಹೊಸಬರಿಗೆ ಇದು ಕಿರಿಕಿರಿ ಅನಿಸುತ್ತದೆ. ನನ್ನ ಮಟ್ಟಿಗೆ ಆನ್ಸಿಬಲ್ ಮಾಡಿದ ಒಳ್ಳೆಯ ತೀರ್ಮಾನಗಳಲ್ಲಿ ಅದೂ ಒಂದು.

ಖಾಲಿ ವ್ಯಾಲ್ಯೂ ಎಲ್ಲಿಗೆ ಮುಟ್ಟಿಸಬಹುದು ಎನ್ನಲು 2015ರ ಜನವರಿಯಲ್ಲಿ ಬಯಲಾದ ಸ್ಟೀಮ್ ಪ್ರಕರಣ ಸಾಕು. ಲಿನಕ್ಸ್‌ನಲ್ಲಿ ಸ್ಟೀಮ್ ಗೇಮ್ ಆ್ಯಪನ್ನು ಶುರು ಮಾಡುವ ಶೆಲ್ ಸ್ಕ್ರಿಪ್ಟ್‌ನಲ್ಲಿ, ಆ್ಯಪ್ ಇರುವ ಫೋಲ್ಡರ್ ಯಾವುದು ಎಂದು ಒಂದು ವೇರಿಯೇಬಲ್‌ನಲ್ಲಿ ಇಡುತ್ತಿದ್ದರು. ಕೆಲವು ಸಂದರ್ಭಗಳಲ್ಲಿ ಆ ಫೋಲ್ಡರಿನ ಒಳಗಿರುವುದನ್ನೆಲ್ಲ ಅಳಿಸುವ ಆಜ್ಞೆಯೂ ಅದೇ ಸ್ಕ್ರಿಪ್ಟ್‌ನಲ್ಲಿತ್ತು. ಒಬ್ಬ ಬಳಕೆದಾರ ಫೋಲ್ಡರನ್ನು ಬೇರೆ ಕಡೆಗೆ ಸರಿಸಿದ್ದರಿಂದ ವೇರಿಯೇಬಲ್ ಖಾಲಿಯಾಯಿತು. 'ಆ ಫೋಲ್ಡರ್, ಸ್ಲ್ಯಾಶ್, ಅದರಲ್ಲಿ ಇರುವುದೆಲ್ಲ' ಎಂಬುದರಲ್ಲಿ ಫೋಲ್ಡರ್ ಮಾಯವಾಗಿ ಬರೀ ಸ್ಲ್ಯಾಶ್ ಉಳಿಯಿತು. ಅಂದರೆ ಇಡೀ ಕಂಪ್ಯೂಟರ್. ಆ ಬಳಕೆದಾರನಿಗೆ ಸೇರಿದ ಕಡತಗಳೆಲ್ಲ ಹೋದವು. ಆ ಸಾಲಿನ ಮೇಲೆ 'ಭಯವಾಗುತ್ತದೆ' ಎಂಬರ್ಥದ ಕಾಮೆಂಟ್ ಒಂದನ್ನು ಬರೆದವರೇ ಹಾಕಿದ್ದರು. ಅಪಾಯ ಇದೆ ಅಂತ ಅವರಿಗೆ ಗೊತ್ತಿತ್ತು. ವ್ಯಾಲ್ಯೂ ಇಲ್ಲದಿದ್ದರೆ ನಿಲ್ಲು ಎಂದು ಹೇಳುವುದು ಮಾತ್ರ ಬಿಟ್ಟುಹೋಯಿತು.

ಇಲ್ಲಿ ಬಹಳ ಜನ ತಪ್ಪು ಪಾಠ ಕಲಿಯುತ್ತಾರೆ. 'ಸೆಟ್ ಮೈನಸ್ ಯು' ಎಂದು ಸ್ಕ್ರಿಪ್ಟಿನ ಮೊದಲಲ್ಲಿ ಬರೆದರೆ ಸಾಕು ಎನ್ನುತ್ತಾರೆ. ಆ ಆಯ್ಕೆ, ಎಂದೂ ಹುಟ್ಟೇ ಇಲ್ಲದ ವೇರಿಯೇಬಲನ್ನು ಹಿಡಿಯುತ್ತದೆ. ಹುಟ್ಟಿ, ಖಾಲಿಯಾಗಿ ಕೂತಿರುವುದನ್ನು ಹಿಡಿಯುವುದಿಲ್ಲ. ಸ್ಟೀಮ್ ಪ್ರಕರಣದಲ್ಲಿ ಇದ್ದದ್ದು ಎರಡನೇ ಬಗೆ. ಅದಕ್ಕೆ ಬೇಕಿದ್ದದ್ದು ವೇರಿಯೇಬಲ್ ಹೆಸರು ಮುಗಿದ ಮೇಲೆ ಕೋಲನ್ ಮತ್ತು ಪ್ರಶ್ನೆ ಚಿಹ್ನೆ ಹಾಕಿ, ಒಂದು ಎರರ್ ಸಂದೇಶ ಬರೆಯುವ ವಿಧಾನ. ಹಾಗೆ ಬರೆದರೆ ಇಲ್ಲದಿದ್ದರೂ, ಖಾಲಿ ಇದ್ದರೂ ಸ್ಕ್ರಿಪ್ಟ್ ನಿಲ್ಲುತ್ತದೆ. ಕೋಲನ್ ಬಿಟ್ಟರೆ ಖಾಲಿ ಮತ್ತೆ ಒಳಗೆ ನುಸುಳುತ್ತದೆ. ಒಂದು ಚುಕ್ಕಿ ಜೋಡಿಯ ವ್ಯತ್ಯಾಸ. 'ಇಲ್ಲ' ಮತ್ತು 'ಖಾಲಿ' ಬೇರೆ ಬೇರೆ ಎಂಬುದನ್ನು ಕೋಡ್ ಬರೆಯುವವರು ಎಷ್ಟು ಬೇಗ ಮನಸ್ಸಿಗೆ ತಂದುಕೊಂಡರೆ ಅಷ್ಟು ಒಳ್ಳೆಯದು.

ವರ್ಜೀನಿಯಾದಲ್ಲಿ ಬಿದ್ದ ಡೇಟಾ, ಬೆಳಗ್ಗೆ ಐದೂವರೆಗೆ ಓಡಿದ ಕೆಲಸ

ಖಾಲಿ ಬಿಡುವುದು ಬೇಡ, ಒಂದು ಡಿಫಾಲ್ಟ್ ಕೊಟ್ಟರಾಯಿತು ಎನ್ನಬಹುದು. ಅಲ್ಲಿ ಬೇರೆ ತೊಂದರೆ ಇದೆ. ಖಾಲಿ ವ್ಯಾಲ್ಯೂ ಎಲ್ಲಾದರೂ ಎಡವಿ ಬೀಳಬಹುದು. ತಪ್ಪು ಡಿಫಾಲ್ಟ್ ಎಡವುವುದೇ ಇಲ್ಲ, ನೆಟ್ಟಗೆ ಓಡುತ್ತಲೇ ಇರುತ್ತದೆ.

ಅಮೆಜಾನ್ ಕ್ಲೌಡ್‌ನ ಎಸ್3 ಎಂಬ ಕಡತ ಸಂಗ್ರಹದಲ್ಲಿ ಬಕೆಟ್ (ಕಡತ ಇಡುವ ಜಾಗ) ಮಾಡಲು ಎಪಿಐ ಮೂಲಕ, ಅಂದರೆ ಕೋಡ್‌ನಿಂದ ನೇರವಾಗಿ, ಕೇಳುವಾಗ ಯಾವ ಪ್ರದೇಶ ಎಂದು ಹೇಳದಿದ್ದರೆ ಅದು ಅಮೆರಿಕದ ಉತ್ತರ ವರ್ಜೀನಿಯಾದಲ್ಲಿ ಹುಟ್ಟುತ್ತದೆ. ಅಂತರ್ಜಾಲದಲ್ಲಿ ಸಿಗುವ ಎಷ್ಟೋ ಟೆರಾಫಾರ್ಮ್ ಮಾಡ್ಯೂಲ್‌ಗಳೂ ಅದೇ ಪ್ರದೇಶವನ್ನು ಡಿಫಾಲ್ಟ್ ಆಗಿ ಬರೆದುಕೊಂಡಿರುತ್ತವೆ. ಅಮೆಜಾನ್‌ನ ಮುಂಬೈ ಪ್ರದೇಶ 2016ರಲ್ಲೇ ಶುರುವಾಗಿದೆ, ಹೈದರಾಬಾದ್ 2022ರಲ್ಲಿ. ಆದರೂ ಕೋರಮಂಗಲದ ಒಂದು ಸ್ಟಾರ್ಟಪ್ ಆ ಮಾಡ್ಯೂಲನ್ನು ಎತ್ತಿಕೊಂಡು ಪ್ರದೇಶ ತುಂಬಲು ಮರೆತರೆ, ಗಿರಾಕಿಗಳ ಡೇಟಾ ಸಮುದ್ರದಾಚೆ ಹೋಗಿ ಕೂರುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಆ್ಯಪ್ ಸ್ವಲ್ಪ ನಿಧಾನ ಅನಿಸಬಹುದು, ಅಷ್ಟೇ.

ಆ ಡೇಟಾ ಹಣ ಪಾವತಿಯದ್ದಾಗಿದ್ದರೆ ವಿಷಯ ಅಷ್ಟಕ್ಕೇ ಮುಗಿಯುವುದಿಲ್ಲ. ಪಾವತಿ ವ್ಯವಸ್ಥೆಯ ಡೇಟಾವನ್ನು ಭಾರತದಲ್ಲೇ ಇಡಬೇಕು ಎಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್ 6ರಂದು ಸುತ್ತೋಲೆ ಹೊರಡಿಸಿದೆ. ಮಾಡ್ಯೂಲ್ ಬರೆದವರಿಗೆ ಆ ಸುತ್ತೋಲೆ ಇದೆ ಎಂದೂ ಗೊತ್ತಿರಲಿಕ್ಕಿಲ್ಲ. ಅವರನ್ನು ದೂರಿ ಪ್ರಯೋಜನವಿಲ್ಲ. ಪ್ರದೇಶ ಎಂಬ ವೇರಿಯೇಬಲ್‌ಗೆ ಡಿಫಾಲ್ಟೇ ಇಲ್ಲದಿದ್ದರೆ ಮಾತ್ರ ಬಳಸುವವರು ಅಲ್ಲೇ ನಿಂತು, 'ನಮ್ಮ ಡೇಟಾ ಎಲ್ಲಿರಬೇಕು?' ಎಂದು ಒಮ್ಮೆ ಯೋಚಿಸುತ್ತಿದ್ದರು.

ಒಪ್ಪಿಗೆಯ ಚೆಕ್‌ಬಾಕ್ಸ್ ಕೂಡ ಇದೇ ಸಾಲಿಗೆ ಸೇರುತ್ತದೆ. ಫಾರ್ಮ್ ಕಾಂಪೊನೆಂಟ್ ಬರೆದವರು 'ಒಪ್ಪಿಗೆ ಇದೆ' ಎಂಬುದನ್ನು ಡಿಫಾಲ್ಟ್ ಮಾಡಿದ್ದರೆ, ಅದನ್ನು ಬಳಸಿದ ಪ್ರತಿ ಪುಟದಲ್ಲೂ ಟಿಕ್ ಮೊದಲೇ ಬಿದ್ದಿರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಪ್ಪಿಗೆಯನ್ನು ಜನ ಸ್ಪಷ್ಟವಾದ ಕ್ರಿಯೆಯ ಮೂಲಕವೇ ಕೊಡಬೇಕು ಎನ್ನುತ್ತದೆ. ಯಾರೋ ಮೊದಲೇ ಹಾಕಿಟ್ಟ ಟಿಕ್ ಅಂಥ ಕ್ರಿಯೆ ಆಗುವುದಿಲ್ಲ.

ಗಡಿಯಾರದ ವಿಷಯ ಚಿಕ್ಕದು, ಆದರೆ ನಮ್ಮಲ್ಲಿ ಎಲ್ಲರೂ ಒಮ್ಮೆಯಾದರೂ ಎದುರಿಸುವಂಥದ್ದು. ಡಾಕರ್ ಇಮೇಜ್‌ಗಳು ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿರುತ್ತವೆ, ಅದು ನಮಗಿಂತ ಐದೂವರೆ ಗಂಟೆ ಹಿಂದೆ. ರಾತ್ರಿ 12ಕ್ಕೆ ಓಡಲಿ ಎಂದು ಬರೆದ ಕೆಲಸ ನಮ್ಮ ಬೆಳಗ್ಗೆ 5:30ಕ್ಕೆ ಓಡುತ್ತದೆ. ದಿನದ ಲೆಕ್ಕ ಮುಚ್ಚುವ ಕೆಲಸವಾಗಿದ್ದರೆ ನಡುರಾತ್ರಿಯಿಂದ ಐದೂವರೆವರೆಗಿನ ವ್ಯವಹಾರ ಹಿಂದಿನ ದಿನಕ್ಕೆ ಸೇರಿಹೋಗುತ್ತದೆ. ಹೊತ್ತು ಗೊತ್ತುಮಾಡಿ ಕೆಲಸ ಓಡಿಸುವ ಕುಬರ್ನೆಟೀಸ್‌ನ ಕ್ರಾನ್‌ಜಾಬ್‌ನಲ್ಲಿ ಟೈಮ್‌ಝೋನ್ ಹೇಳಲು ಒಂದು ಜಾಗ ಇದೆ. ಅದು ಪಕ್ಕಾ ಆದದ್ದು 2023ರಲ್ಲಿ ಬಂದ 1.27ನೇ ಆವೃತ್ತಿಯಲ್ಲಿ. ಅದನ್ನು ತುಂಬದೇ ಬಿಟ್ಟ ಚಾರ್ಟ್‌ಗಳು ಇವತ್ತಿಗೂ ಹೇರಳವಾಗಿವೆ.

ಕನ್ನಡ ಅಕ್ಷರಕ್ಕೆ ಬಿದ್ದ ಪೆಟ್ಟು

ಈ ಲೇಖನ ಬರೆಯಲು ಮುಖ್ಯ ಕಾರಣ ಈ ಭಾಗ. ಹಳೆಯ ಸರ್ಕಾರಿ, ಖಾಸಗಿ ಡೇಟಾಬೇಸ್‌ಗಳಲ್ಲಿ ಕನ್ನಡ ಹೆಸರು ಇರಬೇಕಾದ ಕಡೆ ಸಾಲಾಗಿ ಪ್ರಶ್ನೆ ಚಿಹ್ನೆಗಳು ಕೂತಿರುವುದನ್ನು ನೀವು ನೋಡಿರಬಹುದು. ಅದು ವೈರಸ್ ಅಲ್ಲ, ಫಾಂಟ್ ತೊಂದರೆಯೂ ಅಲ್ಲ. ಬಹಳ ಸಲ ಅದು ತುಂಬದೇ ಬಿಟ್ಟ ಒಂದು ವ್ಯಾಲ್ಯೂ.

ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಟೇಬಲ್ ಮಾಡುವಾಗ ಯಾವ ಅಕ್ಷರಗಣ (ಯಾವ ಯಾವ ಅಕ್ಷರಗಳಿಗೆ ಜಾಗ ಇದೆ ಎಂಬ ಪಟ್ಟಿ) ಎಂದು ಹೇಳದಿದ್ದರೆ, 2018ರಲ್ಲಿ 8.0 ಆವೃತ್ತಿ ಬರುವವರೆಗೂ ಅದು ಲ್ಯಾಟಿನ್1 ಎಂದೇ ತಿಳಿದುಕೊಳ್ಳುತ್ತಿತ್ತು. ಲ್ಯಾಟಿನ್1ರಲ್ಲಿ ಪಶ್ಚಿಮ ಯುರೋಪಿನ ಅಕ್ಷರಗಳಿಗೆ ಜಾಗ ಇದೆ, ಕನ್ನಡದ ಒಂದು ಅಕ್ಷರಕ್ಕೂ ಇಲ್ಲ. ಅಲ್ಲಿಗೆ ಕನ್ನಡ ಹೆಸರು ಹೋದಾಗ ಎರಡರಲ್ಲಿ ಒಂದು ಆಗುತ್ತಿತ್ತು. ಕಟ್ಟುನಿಟ್ಟಿನ ಮೋಡ್ ಇದ್ದರೆ ಎರರ್ ಕೊಟ್ಟು ನಿಲ್ಲುತ್ತಿತ್ತು. ಇಲ್ಲದಿದ್ದರೆ ಪ್ರತಿ ಅಕ್ಷರದ ಜಾಗಕ್ಕೆ ಒಂದು ಪ್ರಶ್ನೆ ಚಿಹ್ನೆ ಬರೆದು, ಒಂದು ಎಚ್ಚರಿಕೆಯನ್ನು ಎಲ್ಲೋ ಮೂಲೆಯಲ್ಲಿ ಇಟ್ಟು, 'ಸೇವ್ ಆಯಿತು' ಎನ್ನುತ್ತಿತ್ತು. ಕಟ್ಟುನಿಟ್ಟಿನ ಮೋಡ್ ಡಿಫಾಲ್ಟ್ ಆದದ್ದು 2015ರ 5.7 ಆವೃತ್ತಿಯಿಂದ. ಅದಕ್ಕಿಂತ ಹಿಂದೆ, ಯಾರೂ ಏನೂ ಹೇಳದಿದ್ದರೆ, ಸುಮ್ಮನೆ ಹಾಳಾಗುವುದೇ ರೂಢಿ.

ಹೀಗೆ ಪ್ರಶ್ನೆ ಚಿಹ್ನೆಯಾಗಿ ಉಳಿದದ್ದರಿಂದ ಮೂಲ ಹೆಸರನ್ನು ಮತ್ತೆ ಪಡೆಯಲು ಆಗುವುದಿಲ್ಲ. ಅಕ್ಷರ ಹೋಯಿತು ಅಂದರೆ ಹೋಯಿತು. ಎರರ್ ಬಂದಿದ್ದರೆ ಫಾರ್ಮ್ ತುಂಬಿದವರು ಅವತ್ತೇ ಕೇಳುತ್ತಿದ್ದರು, ಪ್ರೋಗ್ರಾಮರ್ ಅವತ್ತೇ ಒಂದು ಸಾಲು ತಿದ್ದುತ್ತಿದ್ದರು. ಬದಲಿಗೆ ವರ್ಷಗಳಾದ ಮೇಲೆ ಯಾರೋ ತಮ್ಮ ದಾಖಲೆ ತೆಗೆಸಲು ಹೋದಾಗ ತಿಳಿಯುತ್ತದೆ.

ಪೈಥಾನ್‌ನಲ್ಲಿ ಇದಕ್ಕಿಂತ ವಿಚಿತ್ರವಾದದ್ದು ನಡೆಯುತ್ತದೆ. ಕಡತ ತೆರೆಯುವಾಗ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ವಿಧಾನ) ಯಾವುದು ಎಂದು ಹೇಳದಿದ್ದರೆ, ಪೈಥಾನ್ ಆ ಕಂಪ್ಯೂಟರಿನ ರೂಢಿಯನ್ನು ಹಿಡಿಯುತ್ತದೆ. ಲಿನಕ್ಸ್, ಮ್ಯಾಕ್‌ಗಳಲ್ಲಿ ಅದು ಸಾಮಾನ್ಯವಾಗಿ ಎಲ್ಲ ಲಿಪಿಗಳನ್ನೂ ಬರೆಯಬಲ್ಲ ಯುಟಿಎಫ್-8. ನಮ್ಮ ಕಚೇರಿಗಳ ವಿಂಡೋಸ್‌ನಲ್ಲಿ ಅದು ಹೆಚ್ಚಾಗಿ 1252 ಎಂಬ ಹಳೆಯ ಪಶ್ಚಿಮ ಯುರೋಪಿನ ಪಟ್ಟಿ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತ ಮೂರು ಬೈಟ್. 1252 ಆ ಮೂರನ್ನೂ ಬಿಡಿಬಿಡಿ ಅಕ್ಷರ ಎಂದುಕೊಂಡು ಓದುತ್ತದೆ. ಆ ಪಟ್ಟಿಯಲ್ಲಿ ಐದು ಬೈಟ್‌ಗಳಿಗೆ ಯಾವ ಅಕ್ಷರವೂ ಇಲ್ಲ. ಕನ್ನಡದ ಹಲಂತ ಮತ್ತು ಉಕಾರದ ಕೊಂಬು ಎರಡರ ಕೊನೆಯ ಬೈಟೂ ಆ ಐದರೊಳಗೆ ಬೀಳುತ್ತವೆ. ಪರಿಣಾಮ ಏನು ಗೊತ್ತಾ? ಪದ್ಮ, ಗುರು ಎಂಬ ಹೆಸರುಗಳಿದ್ದ ಕಡತ ಎರರ್ ಕೊಟ್ಟು ನಿಲ್ಲುತ್ತದೆ. ಕಮಲ ಎಂಬ ಹೆಸರು ಮಾತ್ರ ಇದ್ದರೆ ಯಾವ ಸದ್ದೂ ಇಲ್ಲದೆ ಅರ್ಥವಿಲ್ಲದ ಯುರೋಪಿಯನ್ ಅಕ್ಷರಗಳಾಗಿ ಒಳಗೆ ಹೋಗುತ್ತದೆ. ಒತ್ತಕ್ಷರ ಇದ್ದದ್ದರಿಂದ ಪದ್ಮ ಬಚಾವಾದಳು. ಕಮಲಳ ಹೆಸರು ಹಾಳಾಯಿತು. ಹೀಗಿರುವಾಗ ಪರೀಕ್ಷೆಗೆ ಬರೀ ಕಮಲ ಎಂಬ ಹೆಸರು ಕೊಟ್ಟು, 'ಎರರ್ ಬರಲಿಲ್ಲ, ಸರಿಯಿದೆ' ಎಂದವರನ್ನು ಹೇಗೆ ದೂರುವುದು?

ಜಾವಾ ತನ್ನ ಡಿಫಾಲ್ಟನ್ನು 2022ರ ಮಾರ್ಚ್‌ನಲ್ಲಿ, 18ನೇ ಆವೃತ್ತಿಯಲ್ಲಿ ಯುಟಿಎಫ್-8 ಮಾಡಿತು. ಪೈಥಾನ್ 3.15ರಿಂದ ಹಾಗೆ ಮಾಡುವ ತೀರ್ಮಾನ ಆಗಿದೆ. ಇದು ಊಹೆಯೇ ಅಲ್ವಾ ಎಂದು ನೀವು ಕೇಳಬಹುದು. ಹೌದು, ಆದರೆ ಜಗತ್ತಿನ ಎಲ್ಲ ಲಿಪಿಗೂ ಜಾಗ ಕೊಡುವ ಊಹೆ. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಬದಲಾಗುವುದಿಲ್ಲ ಎಂಬುದು ಅದರ ಇನ್ನೊಂದು ಗುಣ. ಡಿಫಾಲ್ಟ್ ಇರಲೇಬೇಕಿದ್ದರೆ ಹೀಗಿರಲಿ.

ಜೂನ್ 1ರಂದು ಹುಟ್ಟಿದವರು

ಕಂಪ್ಯೂಟರ್ ಬರುವ ಮೊದಲೂ ಈ ತೊಂದರೆ ನಮ್ಮಲ್ಲಿತ್ತು. ಕರ್ನಾಟಕದ ಹಳೆಯ ತಲೆಮಾರಿನವರ ದಾಖಲೆ ನೋಡಿದರೆ ಜೂನ್ 1 ಹುಟ್ಟುಹಬ್ಬ ಇರುವವರು ಎಷ್ಟೊಂದು ಜನ! ಮಗುವನ್ನು ಶಾಲೆಗೆ ಸೇರಿಸಲು ಬಂದ ಅಪ್ಪ ಅಮ್ಮನಿಗೆ ಹುಟ್ಟಿದ ದಿನ ನೆನಪಿರುತ್ತಿರಲಿಲ್ಲ. ಶಾಲೆ ತೆರೆಯುವುದು ಜೂನ್‌ನಲ್ಲಿ. ಮೇಷ್ಟ್ರು ವಯಸ್ಸಿಗೆ ಹೊಂದುವ ವರ್ಷ ಹಾಕಿ, ಜೂನ್ 1 ಎಂದು ಬರೆದು ಮುಗಿಸುತ್ತಿದ್ದರು. ಆ ದಿನಾಂಕದಂತೆಯೇ ಕೆಲಸ ಸಿಕ್ಕಿತು, ನಿವೃತ್ತಿ ಆಯಿತು, ಪಿಂಚಣಿ ಬಂತು.

ಮೇಷ್ಟ್ರು ಮಾಡಿದ್ದು ಒಳ್ಳೆಯ ಕೆಲಸ. ದಿನಾಂಕ ಇಲ್ಲ ಎಂದು ಮಗುವನ್ನು ವಾಪಸ್ ಕಳಿಸಿದ್ದರೆ ಎಷ್ಟು ಜನ ಓದುತ್ತಿರಲಿಲ್ಲ! ಆದರೆ ಒಂದು ಗುರುತು ಉಳಿಯಲಿಲ್ಲ. ನಿಜವಾಗಿ ಜೂನ್ 1ರಂದು ಹುಟ್ಟಿದವರು ಯಾರು, ಮೇಷ್ಟ್ರು ಬರೆದದ್ದು ಯಾರಿಗೆ ಎಂದು ಇವತ್ತು ಪಟ್ಟಿ ನೋಡಿ ಯಾರೂ ಹೇಳಲಾರರು. ಊಹೆಯೂ ನಿಜವೂ ಒಂದೇ ಕಾಲಂನಲ್ಲಿ ಬೆರೆತುಹೋದವು.

ಆಧಾರ್ ಮಾಡಿದವರು ಇದನ್ನು ಯೋಚಿಸಿದ್ದಾರೆ. ಅಲ್ಲಿ ಹುಟ್ಟಿದ ದಿನಾಂಕದ ಜೊತೆ ಅದು ದಾಖಲೆಯಿಂದ ಖಚಿತವಾದದ್ದೇ, ವ್ಯಕ್ತಿ ಹೇಳಿದ್ದೇ, ಅಂದಾಜಿನದ್ದೇ ಎಂಬ ಸ್ಥಿತಿಯನ್ನೂ ಬರೆದಿಡುತ್ತಾರೆ. ಮಾಡ್ಯೂಲ್ ಬರೆಯುವವರಿಗೆ ಇದು ನೇರವಾಗಿ ಬಳಕೆಗೆ ಬರುವ ಮಾತು. ಡಿಫಾಲ್ಟ್ ಬಳಸಲೇಬೇಕಾಗಿ ಬಂದರೆ, ಬಳಸಿದ್ದೇನೆ ಎಂಬುದನ್ನು ಲಾಗ್‌ನಲ್ಲೋ ಇನ್ನೊಂದು ಕಾಲಂನಲ್ಲೋ ಬರೆದಿಡಿ. ಸರ್ವರ್ ಏಳುವಾಗ, ಈ ವ್ಯಾಲ್ಯೂ ನೀವು ಕೊಟ್ಟದ್ದು, ಇದು ನಾನೇ ಹಾಕಿಕೊಂಡದ್ದು ಎಂದು ಒಂದು ಪಟ್ಟಿ ಮುದ್ರಿಸಿದರೆ ಎಷ್ಟೋ ರಾತ್ರಿಗಳ ಹುಡುಕಾಟ ತಪ್ಪುತ್ತದೆ.

ಇದಕ್ಕೆ ತಿರುಗುಮುರುಗಾದ ತಪ್ಪೂ ಇದೆ. ವ್ಯಾಲ್ಯೂ ಇಲ್ಲದಿರುವುದೇ ನಿಜವಾಗಿರುವಾಗ ಕೊಡಲೇಬೇಕು ಎಂದು ಹಟ ಮಾಡುವುದು. ನಮ್ಮಲ್ಲಿ ಸರ್‌ನೇಮ್ ಇಲ್ಲದವರು ಬೇಕಾದಷ್ಟು ಜನ. ಊರಿನ ಅಥವಾ ತಂದೆಯ ಹೆಸರಿನ ಇನಿಷಿಯಲ್, ಅದರ ಮುಂದೆ ತನ್ನ ಹೆಸರು, ಅಷ್ಟೇ. 'ಕೊನೆಯ ಹೆಸರು' ಕಡ್ಡಾಯ ಎಂದು ಬರೆದ ಫಾರ್ಮ್ ಕಾಂಪೊನೆಂಟ್ ಎದುರು ಅವರು ಚುಕ್ಕಿ ಒತ್ತುತ್ತಾರೆ, ಇಲ್ಲವೇ ಇದ್ದ ಹೆಸರನ್ನೇ ಎರಡು ಸಲ ಬರೆಯುತ್ತಾರೆ. ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿಲ್ಲದವರಿಗೆ 'ಎಫ್‌ಎನ್‌ಯು' ಎಂದು ಬರೆಯುವ ರೂಢಿ ಇದೆ, 'ಮೊದಲ ಹೆಸರು ಗೊತ್ತಿಲ್ಲ' ಎಂಬುದರ ಸಂಕ್ಷೇಪ. ಅದನ್ನೇ ಹೆಸರೆಂದು ತಿಳಿದು ಕರೆಯುವ ವ್ಯವಸ್ಥೆಗಳ ಮುಂದೆ ನಿಲ್ಲಬೇಕಾದವರ ಕಷ್ಟ ಅವರಿಗೇ ಗೊತ್ತು. ಅಂಥ ಕಡೆ ಕೋಡ್‌ಗೆ 'ಇಲ್ಲ' ಎಂಬುದನ್ನು 'ಇಲ್ಲ' ಎಂದೇ ಹಿಡಿದಿಡಲು ಬರಬೇಕು. ಆನ್ಸಿಬಲ್‌ನಲ್ಲಿ ಅದಕ್ಕೆ 'ಓಮಿಟ್' ಇದೆ. ವ್ಯಾಲ್ಯೂ ಇಲ್ಲದಿದ್ದರೆ ಆ ಅಂಶವನ್ನೇ ಕೈಬಿಡು ಎಂದು ಅರ್ಥ. ಟೆರಾಫಾರ್ಮ್‌ನಲ್ಲಿ 'ನಲ್' ಇದೆ, 'ವ್ಯಾಲ್ಯೂ ಇಲ್ಲ' ಎಂಬ ಗುರುತು. ಆದರೆ ಹುಷಾರು: ಡಿಫಾಲ್ಟ್ ಇರುವ ವೇರಿಯೇಬಲ್‌ಗೆ ಯಾರಾದರೂ ನಲ್ ಕಳಿಸಿದರೆ ಡಿಫಾಲ್ಟ್ ಹೋಗಿ ನಲ್ಲೇ ಉಳಿಯುತ್ತದೆ. ಹಾಗಾಗಬಾರದು ಎಂದರೆ 'ನಲಬಲ್' ಎಂಬ ಗುಣವನ್ನು ಇಲ್ಲ ಎಂದು ಬರೆಯಬೇಕು. ಇದು 1.1 ಆವೃತ್ತಿಯಿಂದ ಇದೆ.

ಸೊನ್ನೆಯ ಕಥೆಯನ್ನು ಇಲ್ಲಿ ಬೇಗ ಹೇಳಿಬಿಡುತ್ತೇನೆ. ಹೆಲ್ಮ್‌ನ 'ಡಿಫಾಲ್ಟ್' ಫಂಕ್ಷನ್ ಸೊನ್ನೆಯನ್ನೂ 'ಫಾಲ್ಸ್' ಎಂಬುದನ್ನೂ ಖಾಲಿ ಎಂದೇ ನೋಡುತ್ತದೆ. ನೀವು ಬೇಕೆಂದೇ 'ಫಾಲ್ಸ್' ಎಂದು ಕೊಟ್ಟರೂ ಡಿಫಾಲ್ಟ್ 'ಟ್ರೂ' ಆಗಿದ್ದರೆ ಅದು 'ಟ್ರೂ' ಆಗುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಎರಡು ನೆಟ್ಟ ಗೆರೆಗಳಿಂದ ಡಿಫಾಲ್ಟ್ ಕೊಡುವ ಹಳೆಯ ರೂಢಿಗೂ ಇದೇ ದೋಷ. 2020ರಲ್ಲಿ ಭಾಷೆಗೆ ಸೇರಿದ ಜೋಡಿ ಪ್ರಶ್ನೆ ಚಿಹ್ನೆ ಅದನ್ನು ಸರಿಪಡಿಸಿತು. ಅದನ್ನೇ ಬಳಸಿ.

ಯಾವುದಕ್ಕೆ ಡಿಫಾಲ್ಟ್ ಕೊಡಬಹುದು?

ಎಲ್ಲವನ್ನೂ ಕೇಳುವ ಮಾಡ್ಯೂಲನ್ನು ಯಾರೂ ಬಳಸುವುದಿಲ್ಲ. ಅದೂ ನಿಜ. ದರ್ಶಿನಿಯಲ್ಲಿ ಕಾಫಿ ಕೇಳಿದರೆ ಸಕ್ಕರೆ ಹಾಕಿಯೇ ಕೊಡುತ್ತಾರೆ, ಬೇಡದವರು ಹೇಳುತ್ತಾರೆ. ಆದರೆ ಇಡ್ಲಿ ತೆಗೆದುಕೊಂಡರೆ 'ಪಾರ್ಸಲ್ಲಾ, ಇಲ್ಲೇನಾ?' ಎಂದು ಕೇಳಿಯೇ ಕೇಳುತ್ತಾರೆ. ಎರಡರಲ್ಲಿ ಯಾವುದನ್ನು ಕೇಳಬೇಕು ಎಂಬುದು ಅವರಿಗೆ ಪಕ್ಕಾ ಗೊತ್ತು.

ಕೋಡ್‌ನಲ್ಲಿ ನಾನು ಕೇಳಿಕೊಳ್ಳುವ ಪ್ರಶ್ನೆ ಇದು: ಈ ಡಿಫಾಲ್ಟ್ ತಪ್ಪಾಗಿದ್ದರೆ ಯಾರಿಗೆ, ಎಷ್ಟು ಬೇಗ ಗೊತ್ತಾಗುತ್ತದೆ? ಲಾಗ್ ಎಷ್ಟು ವಿವರವಾಗಿರಬೇಕು ಎಂಬುದು ತಪ್ಪಾದರೆ ಎಂಜಿನಿಯರ್‌ಗೆ ಮರುದಿನವೇ ಗೊತ್ತಾಗುತ್ತದೆ, ತಿದ್ದುತ್ತಾನೆ. ಡಿಫಾಲ್ಟ್ ಕೊಡಿ. ಟೈಮ್‌ಔಟ್ 30 ಸೆಕೆಂಡೋ 60 ಸೆಕೆಂಡೋ? ಕೊಡಿ. ಡೇಟಾ ಯಾವ ದೇಶದಲ್ಲಿದೆ, ಬ್ಯಾಕಪ್ ಆನ್ ಇದೆಯೋ ಇಲ್ಲವೋ, ಅಕ್ಷರಗಣ ಯಾವುದು ಎಂಬಂಥವು ತಪ್ಪಾದರೆ ತಿಳಿಯುವಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ. ಗೊತ್ತಾಗುವುದೂ ಕೋಡ್ ಬರೆದವರಿಗಲ್ಲ, ಕೌಂಟರ್ ಮುಂದೆ ನಿಂತವರಿಗೆ. ಅಂಥವಕ್ಕೆ ಡಿಫಾಲ್ಟ್ ಬೇಡ, ಕೇಳಿ.

ಪಾಸ್‌ವರ್ಡ್ ಮತ್ತು ಬಾಗಿಲು ತೆರೆದಿಡುವ ಸಂಗತಿಗಳಿಗೆ ಯಾವತ್ತೂ ಡಿಫಾಲ್ಟ್ ಕೊಡಬಾರದು. 2016ರಲ್ಲಿ ಮಿರಾಯ್ ಎಂಬ ದುಷ್ಟ ಸಾಫ್ಟ್‌ವೇರ್ ಜಗತ್ತಿನಾದ್ಯಂತ ಸಿಸಿಟಿವಿ ಕ್ಯಾಮೆರಾ, ಡಿವಿಆರ್, ರೌಟರ್‌ಗಳೊಳಗೆ ನುಗ್ಗಿದ್ದು ಕಂಪನಿಗಳು ಹಾಕಿ ಕಳಿಸಿದ್ದ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಒತ್ತಿ ನೋಡಿ. ಮರುವರ್ಷ ಜನವರಿಯಲ್ಲಿ, ಪಾಸ್‌ವರ್ಡ್ ಇಲ್ಲದೆ ಅಂತರ್ಜಾಲಕ್ಕೆ ತೆರೆದುಕೊಂಡಿದ್ದ ಸಾವಿರಾರು ಮಾಂಗೋಡಿಬಿ ಡೇಟಾಬೇಸ್‌ಗಳನ್ನು ಅಳಿಸಿ ಹಣ ಕೇಳಿದರು. ಆ ವರ್ಷದ ಕೊನೆಗೆ ಬಂದ 3.6 ಆವೃತ್ತಿಯಿಂದ ಮಾಂಗೋಡಿಬಿ ತಾನಾಗಿ ತನ್ನ ಕಂಪ್ಯೂಟರ್‌ಗೆ ಮಾತ್ರ ಕಿವಿಗೊಡುವಂತೆ ಬದಲಾಯಿತು. ಮನೆಬಳಕೆಯ ಸಾಧನಗಳಲ್ಲಿ ಎಲ್ಲದಕ್ಕೂ ಒಂದೇ ಡಿಫಾಲ್ಟ್ ಪಾಸ್‌ವರ್ಡ್ ಹಾಕಿ ಮಾರುವುದನ್ನು ಬ್ರಿಟನ್ 2024ರ ಏಪ್ರಿಲ್ 29ರಿಂದ ಕಾನೂನಿನಿಂದಲೇ ತಡೆದಿದೆ.

ಕೇಳುವುದು ಹೇಗೆ ಎಂಬುದಕ್ಕೆ ಉಪಕರಣಗಳು ಈಗ ಚೆನ್ನಾಗಿ ನೆರವಾಗುತ್ತವೆ. ಟೆರಾಫಾರ್ಮ್‌ನಲ್ಲಿ ವೇರಿಯೇಬಲ್‌ಗೆ ಡಿಫಾಲ್ಟ್ ಬರೆಯದಿದ್ದರೆ ಅದು ತಾನೇ ಕಡ್ಡಾಯವಾಗುತ್ತದೆ. ಬಂದ ವ್ಯಾಲ್ಯೂ ಸರಿಯಿದೆಯೇ ಎಂದು ನೋಡಲು ವ್ಯಾಲಿಡೇಶನ್ ಬ್ಲಾಕ್ ಇದೆ. ಹೆಲ್ಮ್‌ನಲ್ಲಿ 'ರಿಕ್ವೈರ್ಡ್' ಎಂಬ ಫಂಕ್ಷನ್ ಇದೆ, ಮೂರನೇ ಆವೃತ್ತಿಯಿಂದ ವ್ಯಾಲ್ಯೂಗಳು ಹೇಗಿರಬೇಕು ಎಂದು ಹೇಳುವ ಸ್ಕೀಮಾ ಕಡತವನ್ನೂ ಬರೆಯಬಹುದು. ಆನ್ಸಿಬಲ್ ರೋಲ್‌ಗಳಲ್ಲಿ ಎರಡು ಫೋಲ್ಡರ್‌ಗಳ ನಡುವೆ ಗೊಂದಲ ಜಾಸ್ತಿ. 'ಡಿಫಾಲ್ಟ್ಸ್' ಒಳಗೆ ಬರೆದದ್ದನ್ನು ಬಳಸುವವರು ಬಹುತೇಕ ಎಲ್ಲಿಂದ ಬೇಕಾದರೂ ಬದಲಿಸಬಹುದು. 'ವಾರ್ಸ್' ಒಳಗೆ ಬರೆದದ್ದು ಇನ್ವೆಂಟರಿಯ (ಸರ್ವರ್‌ಗಳ ಪಟ್ಟಿಯ) ವ್ಯಾಲ್ಯೂವನ್ನೂ ಮೀರಿ ನಿಲ್ಲುತ್ತದೆ. ಡಿಫಾಲ್ಟ್ ಅಂದುಕೊಂಡು ಅಲ್ಲಿ ಬರೆದರೆ ಬಳಸುವವರು ಇನ್ವೆಂಟರಿಯಲ್ಲಿ ಎಷ್ಟು ಬದಲಿಸಿದರೂ ಬದಲಾಗುವುದಿಲ್ಲ. 2.11 ಆವೃತ್ತಿಯಿಂದ ರೋಲ್‌ಗೆ ಯಾವ ವ್ಯಾಲ್ಯೂ ಕಡ್ಡಾಯ, ಯಾವುದು ಯಾವ ಬಗೆಯದ್ದು ಎಂದು ಒಂದೇ ಕಡತದಲ್ಲಿ ಬರೆದಿಡಬಹುದು. ರೋಲ್ ಶುರುವಾಗುವ ಮೊದಲೇ ಅದು ಎಲ್ಲವನ್ನೂ ನೋಡುತ್ತದೆ. ಅರ್ಧ ಸರ್ವರ್ ಕಟ್ಟಿದ ಮೇಲೆ ನಿಲ್ಲುವುದಕ್ಕಿಂತ ಇದು ಎಷ್ಟೋ ಮೇಲು.

ಗಿಟ್‌ಹಬ್ ಆ್ಯಕ್ಷನ್ಸ್ ಬಳಸುವವರಿಗೆ ಒಂದು ಎಚ್ಚರಿಕೆ. ಆ್ಯಕ್ಷನ್‌ನ ಇನ್‌ಪುಟ್‌ಗೆ ಕಡ್ಡಾಯ ಎಂದು ಬರೆದ ಮಾತ್ರಕ್ಕೆ, ಅದು ಬರದಿದ್ದಾಗ ಎರರ್ ತಾನಾಗಿ ಬರುವುದಿಲ್ಲ. ಮೊದಲ ಹೆಜ್ಜೆಯಲ್ಲೇ ನೀವೇ ಪರೀಕ್ಷಿಸಿ ನಿಲ್ಲಿಸಬೇಕು.

ಎರರ್ ಸಂದೇಶವನ್ನು ಮನಸ್ಸಿಟ್ಟು ಬರೆಯಿರಿ. 'ವೇರಿಯೇಬಲ್ ಇಲ್ಲ' ಎಂದಷ್ಟೇ ಹೇಳಿದರೆ ಬಳಸುವವರು ಕೈಗೆ ಸಿಕ್ಕಿದ್ದನ್ನು ತುಂಬಿ ಮುಂದೆ ಹೋಗುತ್ತಾರೆ. ಯಾವ ವೇರಿಯೇಬಲ್, ಯಾಕೆ ಬೇಕು, ಸರಿಯಾದ ಉತ್ತರ ಯಾರ ಹತ್ತಿರ ಸಿಗುತ್ತದೆ ಎಂಬ ಮೂರೂ ಇರಬೇಕು. 'ಡೇಟಾ ಇಡುವ ಪ್ರದೇಶ ಕೊಟ್ಟಿಲ್ಲ. ಪಾವತಿ ಡೇಟಾ ಇದ್ದರೆ ಭಾರತದ ಪ್ರದೇಶವೇ ಆಗಬೇಕು. ನಿಮ್ಮ ಕಂಪ್ಲೈಯನ್ಸ್ ತಂಡವನ್ನು ಕೇಳಿ.' ಎರಡು ಮೂರು ಸಾಲು, ಅಷ್ಟೇ.

ಎಐ ಬರೆಯುವ ಡಿಫಾಲ್ಟ್‌ಗಳು

ಈ ವಿಷಯ ಈಗ ಇನ್ನೂ ತುರ್ತಾಗಿರುವುದಕ್ಕೆ ಕಾರಣವಿದೆ. ನಗರದ ತಂಡಗಳಲ್ಲಿ ಈಗ ಬಹಳಷ್ಟು ಕೋಡನ್ನು ಎಐ ಸಹಾಯಕಗಳು ಬರೆಯುತ್ತಿವೆ. ಅವು ಬರೆದದ್ದನ್ನು ರಿವ್ಯೂ ಮಾಡುವಾಗ ನನಗೆ ಮತ್ತೆ ಮತ್ತೆ ಕಾಣುವುದು ಒಂದೇ ಚಾಳಿ. ಎನ್ವಿರಾನ್‌ಮೆಂಟ್ ವೇರಿಯೇಬಲ್ (ಹೊರಗಿನಿಂದ ಪ್ರೋಗ್ರಾಮಿಗೆ ಕೊಡುವ ಸೆಟ್ಟಿಂಗ್) ಓದುವ ಪ್ರತಿ ಕಡೆ ಒಂದು ಡಿಫಾಲ್ಟ್ ಇರುತ್ತದೆ. ಡೇಟಾಬೇಸ್ ವಿಳಾಸ ಸಿಗದಿದ್ದರೆ ಲೋಕಲ್‌ಹೋಸ್ಟ್, ಅಂದರೆ ಅದೇ ಕಂಪ್ಯೂಟರ್. ಗುಪ್ತ ಕೀಲಿ ಸಿಗದಿದ್ದರೆ 'ಚೇಂಜ್‌ಮಿ'. ಸಂಖ್ಯೆ ಸಿಗದಿದ್ದರೆ ಸೊನ್ನೆ. ಎರರ್ ಬಂದರೆ ಅದನ್ನು ನುಂಗಿ ಖಾಲಿ ಪಟ್ಟಿ ವಾಪಸ್. ಕೋಡ್ ಮೊದಲ ಸಲಕ್ಕೇ ಓಡುತ್ತದೆ, ಡೆಮೊ ಚೆನ್ನಾಗಿ ಆಗುತ್ತದೆ. ಪ್ರೊಡಕ್ಷನ್‌ನಲ್ಲಿ ಕೀಲಿ ತುಂಬಲು ಮರೆತರೂ ಅದು ಅಷ್ಟೇ ಚೆನ್ನಾಗಿ ಓಡುತ್ತದೆ, ಎಲ್ಲರಿಗೂ ಗೊತ್ತಿರುವ ಕೀಲಿಯೊಂದಿಗೆ.

ಮನುಷ್ಯರೂ ಹೀಗೇ ಬರೆಯುತ್ತಿದ್ದರು. ಆದರೆ ಮನುಷ್ಯರು ಡಿಫಾಲ್ಟ್ ಬರೆಯುವಾಗ ಅರೆಕ್ಷಣವಾದರೂ ಯಾವ ವ್ಯಾಲ್ಯೂ ಹಾಕಲಿ ಎಂದು ಯೋಚಿಸಬೇಕಿತ್ತು. ಆ ಅರೆಕ್ಷಣವೂ ಈಗ ಇಲ್ಲ. ಹಾಗಾಗಿ ರಿವ್ಯೂ ಮಾಡುವವರ ಮೇಲೆ ಹೊಣೆ ಹೆಚ್ಚಿದೆ. ರಿವ್ಯೂಗೆ ಕಳಿಸುವ ಬದಲಾವಣೆಯಲ್ಲಿ (ಪಿಆರ್) ಬಂದ ಪ್ರತಿ ಹೊಸ ಡಿಫಾಲ್ಟನ್ನೂ ಹೊಸ ಫೀಚರ್‌ನಷ್ಟೇ ಗಂಭೀರವಾಗಿ ನೋಡಬೇಕು. ಎಐಗೆ ಕೊಡುವ ಸೂಚನೆಯಲ್ಲೇ, ಕಡ್ಡಾಯ ಸೆಟ್ಟಿಂಗ್ ಇಲ್ಲದಿದ್ದರೆ ಶುರುವಿನಲ್ಲೇ ಎರರ್ ಕೊಟ್ಟು ನಿಲ್ಲು, ನೀನಾಗಿ ಏನನ್ನೂ ತುಂಬಬೇಡ ಎಂದು ಬರೆದರೆ ಪರಿಣಾಮ ಕಾಣುತ್ತದೆ. ನಮ್ಮ ತಂಡದಲ್ಲಿ ಕಂಡಿದೆ.

ಈಗಾಗಲೇ ಇರುವ ಡಿಫಾಲ್ಟ್‌ಗಳನ್ನು ತೆಗೆಯುವುದು ಇದಕ್ಕಿಂತ ಕಷ್ಟ. ಹತ್ತಾರು ತಂಡಗಳು ಬಳಸುವ ಮಾಡ್ಯೂಲ್‌ನಿಂದ ಒಂದು ಡಿಫಾಲ್ಟ್ ಕಿತ್ತರೆ, ಅದನ್ನು ನಂಬಿದ್ದವರ ಡಿಪ್ಲಾಯ್ ಎಲ್ಲ ಮರುದಿನ ಬೆಳಗ್ಗೆ ನಿಲ್ಲುತ್ತದೆ. ಟೆರಾಫಾರ್ಮ್‌ನಲ್ಲಿ ಡಿಫಾಲ್ಟ್ ಪ್ರದೇಶ ಬದಲಾದರೆ ಇನ್ನೂ ಕೆಟ್ಟದ್ದು, ಇದ್ದದ್ದನ್ನು ಅಳಿಸಿ ಬೇರೆ ಕಡೆ ಕಟ್ಟಲು ಅದು ಹೊರಡಬಹುದು. ಆದ್ದರಿಂದ ಡಿಫಾಲ್ಟ್ ತೆಗೆಯುವುದನ್ನೂ ಬದಲಿಸುವುದನ್ನೂ ಪ್ರಮುಖ ಆವೃತ್ತಿಯ ಬದಲಾವಣೆ ಎಂದೇ ಎಣಿಸಬೇಕು. ಮೊದಲ ಆವೃತ್ತಿಯಲ್ಲಿ ಡಿಫಾಲ್ಟ್ ಬಳಕೆಯಾದಾಗಲೆಲ್ಲ ಲಾಗ್ ಮಾಡಿ. ಯಾವ ತಂಡಗಳು ಅದರ ಮೇಲೆ ನಿಂತಿವೆ ಎಂಬುದು ಆಗ ತಿಳಿಯುತ್ತದೆ. ಅವರ ಜೊತೆ ಕೂತು, ಈಗಿರುವ ವ್ಯಾಲ್ಯೂವನ್ನೇ ಅವರ ಕಡತದಲ್ಲಿ ಸ್ಪಷ್ಟವಾಗಿ ಬರೆಸಿ. ಅದು ತಪ್ಪು ವ್ಯಾಲ್ಯೂ ಆಗಿದ್ದರೂ ಮೊದಲು ಬರೆಸಿ, ತಿದ್ದುವುದು ಆಮೇಲಿನ ಕೆಲಸ. ಎಲ್ಲರೂ ಬರೆದ ಮೇಲೆ ಮುಂದಿನ ಆವೃತ್ತಿಯಲ್ಲಿ ಡಿಫಾಲ್ಟ್ ತೆಗೆಯಿರಿ.

ಎಲ್ಲಿಂದ ಶುರು ಮಾಡಬೇಕು ಎಂದು ಕೇಳುವವರಿಗೆ ನಾನು ನಾಲ್ಕನ್ನು ಹೇಳುತ್ತೇನೆ: ಪ್ರದೇಶ, ಟೈಮ್‌ಝೋನ್, ಅಕ್ಷರಗಣ, ಗುಪ್ತ ಕೀಲಿ. ನಿಮ್ಮ ರೆಪೊಸಿಟರಿಯಲ್ಲಿ ಈ ನಾಲ್ಕಕ್ಕೆ ಯಾರು, ಯಾವಾಗ, ಯಾಕೆ ಡಿಫಾಲ್ಟ್ ಬರೆದರು ಎಂದು ಗಿಟ್ ಇತಿಹಾಸದಲ್ಲಿ ಹುಡುಕಿ. 'ಯಾಕೆ' ಎಂಬುದಕ್ಕೆ ಉತ್ತರ ಸಿಗದ ಡಿಫಾಲ್ಟನ್ನು ಮೊದಲು ತೆಗೆಯುವ ಪಟ್ಟಿಗೆ ಹಾಕಿ. ಮತ್ತು ಪರೀಕ್ಷೆಯ ಡೇಟಾಕ್ಕೆ ಕಮಲಳ ಜೊತೆ ಪದ್ಮ, ಗುರು ಇಬ್ಬರನ್ನೂ ಸೇರಿಸಿ.